ಬಹುಮಹಡಿ ಕಟ್ಟಡ ಏಕೆ ಬೀಳುವುದಿಲ್ಲ ಎಂಬ ಮಕ್ಕಳ ಪ್ರಶ್ನೆಗೆ ಸರಿಯಾದ ಉತ್ತರ ಕೊಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೆಲವು ವಾರಗಳ ಹಿಂದೆ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಎತ್ತರದ ಕಟ್ಟಡಗಳ ಬಗ್ಗೆ ಒಂದು ಚಿತ್ರಲೇಖನ ಪ್ರಕಟವಾಗಿತ್ತು. ಜಗತ್ತಿನ ಹತ್ತು ಕಟ್ಟಡಗಳನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದರ ಕೆಳಗೂ ಅದು ಎಷ್ಟು ಮೀಟರ್, ಎಷ್ಟು ಮಹಡಿ ಎಂಬ ವಿವರ ಕೊಟ್ಟಿದ್ದಿರಿ. ಕಟ್ಟಡ ನೆಲದ ಮೇಲೆ ಎಷ್ಟು ಎತ್ತರವಿದೆಯೋ ನೆಲದೊಳಗೆ ಅಷ್ಟೇ ಆಳದ ಪಾಯ ಇರುತ್ತದೆ, ಆದ್ದರಿಂದಲೇ ಅದು ಬೀಳುವುದಿಲ್ಲ ಎಂಬ ಮಾತು ಕೊನೆಯಲ್ಲಿತ್ತು. ಮೂವತ್ತೈದು ವರ್ಷ ಕಟ್ಟಡಗಳ ರಚನಾ ವಿನ್ಯಾಸದ ಕೆಲಸ ಮಾಡಿ ನಿವೃತ್ತಳಾದ ನನಗೆ ಆ ಮಾತನ್ನು ಓದಿ ಸುಮ್ಮನಿರಲು ಆಗಲಿಲ್ಲ. ದುಬೈಯ ಬುರ್ಜ್ ಖಲೀಫಾದ ಎತ್ತರ 828 ಮೀಟರ್; ಅದರ ಪೈಲುಗಳು, ಅಂದರೆ ಪಾಯದ ಕಂಬಗಳು, ನೆಲದೊಳಗೆ ಇಳಿದಿರುವುದು ಸುಮಾರು 50 ಮೀಟರ್ ಆಳಕ್ಕೆ. ಅಂದರೆ ಎತ್ತರದ ಹದಿನಾರನೆಯ ಒಂದು ಭಾಗದಷ್ಟು. ತಪ್ಪನ್ನು ಒಂದು ಸಾಲಿನ ತಿದ್ದುಪಡಿಯಿಂದ ಸರಿಪಡಿಸಬಹುದಾಗಿತ್ತು. ಆದರೆ ಕಟ್ಟಡ ಏಕೆ ಬೀಳುವುದಿಲ್ಲ ಎಂದು ಕೇಳುವ ಮಗುವಿಗೆ ನಾವು ಸಾಮಾನ್ಯವಾಗಿ ಏನು ಹೇಳಿ ಮಾತು ಮುಗಿಸುತ್ತೇವೆ ಎಂಬುದರ ಬಗ್ಗೆಯೇ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ನಿವೃತ್ತಿಯ ನಂತರ ನಾನು ಆಗಾಗ ಶಾಲೆಗಳಿಗೆ ಹೋಗಿ ಐದು, ಆರು, ಏಳನೆಯ ತರಗತಿಯ ಮಕ್ಕಳೊಡನೆ ಕಟ್ಟಡಗಳ ಬಗ್ಗೆ ಮಾತನಾಡುತ್ತೇನೆ. ಜಗತ್ತಿನ ಅತಿ ಎತ್ತರದ ಕಟ್ಟಡ ಯಾವುದು ಎಂಬುದು ಬಹುತೇಕ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅವರು ಕೇಳುವುದು ಬೇರೆಯದನ್ನು. ಅಷ್ಟು ಭಾರ ಇದ್ದರೂ ಮಣ್ಣಿನಲ್ಲಿ ಹೂತುಹೋಗುವುದಿಲ್ಲವೇ? ಜೋರು ಗಾಳಿ ಬಂದರೆ ಅಲ್ಲಾಡುತ್ತದೆಯೇ? ಮೇಲಿನ ಮನೆಯ ನಲ್ಲಿಗೆ ನೀರು ಹೇಗೆ ಹತ್ತುತ್ತದೆ? ಇವು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಓದುವ ವಿಷಯದ ಬುಡಕ್ಕೇ ಕೈಹಾಕುವ ಪ್ರಶ್ನೆಗಳು. ಕಬ್ಬಿಣ ಹಾಕಿದ್ದಾರೆ, ಗಟ್ಟಿ ಪಾಯ ಇದೆ, ದೊಡ್ಡವನಾದ ಮೇಲೆ ಗೊತ್ತಾಗುತ್ತದೆ ಎಂಬ ಉತ್ತರಗಳಿಂದ ಮಗುವಿಗೆ ಏನೂ ಸಿಗುವುದಿಲ್ಲ. ಹತ್ತು ವರ್ಷದ ಮಗುವಿಗೆ ಪೂರ್ತಿ ನಿಜವನ್ನು ಹೇಳಲು ಸಾಧ್ಯವಿದೆ ಎಂಬುದು ನನ್ನ ಅನುಭವ. ಅದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ, ಒಂದು ರಬ್ಬರ್, ಒಂದು ಹಾಳೆ ಕಾಗದ, ಜೊತೆಗೆ ಕಣ್ಣೆದುರಿಗೆ ಕಾಣುವ ಒಂದು ಕಟ್ಟಡ.

ಈ ಪಾಠಕ್ಕೆ ಮಹಾನಗರಕ್ಕಿಂತ ಮಧ್ಯಮ ಗಾತ್ರದ ನಗರವೇ ಹೆಚ್ಚು ಅನುಕೂಲ. ಮಹಾನಗರದಲ್ಲಿ ಗೋಪುರಗಳು ಒಂದನ್ನೊಂದು ಮರೆಮಾಡಿಕೊಂಡು ನಿಂತಿರುತ್ತವೆ. ರಸ್ತೆಯಲ್ಲಿ ನಿಂತ ಮಗುವಿಗೆ ಕಾಣುವುದು ಗಾಜಿನ ಗೋಡೆ ಮಾತ್ರ. ಮಧ್ಯಮ ಗಾತ್ರದ ನಗರದ ಆಕಾಶದಂಚಿನಲ್ಲಿ ಹತ್ತು, ಹದಿನೈದು, ಇಪ್ಪತ್ತು ಮಹಡಿಯ ಕಟ್ಟಡಗಳು ಬಿಡಿಬಿಡಿಯಾಗಿ, ಬುಡದಿಂದ ನೆತ್ತಿಯವರೆಗೆ ಕಾಣಿಸುತ್ತವೆ. ಅವುಗಳ ಮಹಡಿಗಳನ್ನು ಬೆರಳಿಟ್ಟು ಎಣಿಸಬಹುದು. ಅವುಗಳ ನಡುವೆ ಹಳೆಯ ಗಡಿಯಾರದ ಗೋಪುರ, ನೀರಿನ ಟ್ಯಾಂಕು, ಮೊಬೈಲ್ ಟವರ್, ಯಾವುದೋ ಕಾರ್ಖಾನೆಯ ಹೊಗೆಕೊಳವೆ ಕೂಡ ತಲೆಯೆತ್ತಿ ನಿಂತಿರುವುದರಿಂದ, ಒಂದೊಂದೂ ಏಕೆ ಎತ್ತರವಾಗಬೇಕಾಯಿತು ಎಂದು ಹೋಲಿಸಿ ನೋಡಲೂ ಬರುತ್ತದೆ. ಎತ್ತರದ ಕಟ್ಟಡಗಳೆಲ್ಲ ಊರಿನ ನಡುಭಾಗದಲ್ಲೋ ಮುಖ್ಯರಸ್ತೆಯ ಉದ್ದಕ್ಕೋ ಗುಂಪುಗೂಡುವುದೇಕೆ, ವಿಮಾನ ನಿಲ್ದಾಣದ ಸುತ್ತ ಎಲ್ಲವೂ ಕುಳ್ಳಗಿರುವುದೇಕೆ ಎಂದು ಕೇಳಿದರೆ ಮಕ್ಕಳು ತಾವೇ ಉತ್ತರ ಹುಡುಕುತ್ತಾರೆ. ಬೇಡಿಕೆ ಹೆಚ್ಚಿ ನೆಲ ಸಾಲದೆ ಹೋದಲ್ಲಿ ಜನ ಮೇಲಕ್ಕೆ ಕಟ್ಟುತ್ತಾರೆ ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಎತ್ತರ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎತ್ತರದ ಕಟ್ಟಡಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಮಂಡಳಿಯೊಂದು, 14 ಮಹಡಿ ಅಥವಾ 50 ಮೀಟರಿಗೆ ಮೇಲ್ಪಟ್ಟದ್ದನ್ನು ಎತ್ತರದ ಕಟ್ಟಡವೆಂದು ಪರಿಗಣಿಸಬಹುದು ಎನ್ನುತ್ತದೆ. ಆದರೆ ಸುತ್ತಲಿನ ಕಟ್ಟಡಗಳು ಎಷ್ಟಿವೆ ಎಂಬುದನ್ನೂ ನೋಡಬೇಕು ಎಂದು ಅದೇ ಮಂಡಳಿ ಸೇರಿಸುತ್ತದೆ. ಎರಡು ಮಹಡಿಯ ಮನೆಗಳ ನಡುವೆ ನಿಂತ ಹತ್ತು ಮಹಡಿಯ ಕಟ್ಟಡವೂ ಎತ್ತರದ್ದೇ. ಅಳೆಯುವ ಕೆಲಸವನ್ನು ಮಕ್ಕಳಿಗೇ ಬಿಡುವುದು ಒಳ್ಳೆಯದು. ವಾಸದ ಕಟ್ಟಡದ ಒಂದು ಮಹಡಿ ಸುಮಾರು 3 ಮೀಟರ್ ಎಂದುಕೊಂಡು ಮಹಡಿಗಳನ್ನು ಎಣಿಸಿ ಗುಣಿಸಬಹುದು. ಇನ್ನೂ ಚೆನ್ನಾದ ದಾರಿ ನೆರಳಿನದು: ಒಂದು ಮೀಟರ್ ಉದ್ದದ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ ಅದರ ನೆರಳು 60 ಸೆಂಟಿಮೀಟರ್ ಬಂದರೆ, ಅದೇ ಹೊತ್ತಿನಲ್ಲಿ 30 ಮೀಟರ್ ನೆರಳು ಚೆಲ್ಲುವ ಕಟ್ಟಡದ ಎತ್ತರ 50 ಮೀಟರ್. ಹೀಗೆ ತಾನೇ ಅಳೆದ ಕಟ್ಟಡದ ಮೇಲೆ ಮಗುವಿಗೆ ಹುಟ್ಟುವ ಮಮತೆ ಅಚ್ಚಾದ ಪಟ್ಟಿಯನ್ನು ಓದಿದರೆ ಹುಟ್ಟುವುದಿಲ್ಲ.

ಇನ್ನು ಸೀಮೆಸುಣ್ಣದ ವಿಚಾರ. ಒಂದು ಸೀಮೆಸುಣ್ಣವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಲು ಹೇಳುತ್ತೇನೆ. ಎಷ್ಟು ಒತ್ತಿದರೂ ಅದು ಪುಡಿಯಾಗುವುದಿಲ್ಲ. ಅದನ್ನೇ ಎರಡೂ ತುದಿಯಲ್ಲಿ ಹಿಡಿದು ಬಗ್ಗಿಸಿದರೆ ಸಣ್ಣ ಮಗುವಿನ ಕೈಯಲ್ಲೂ ಪಟಕ್ಕನೆ ಮುರಿಯುತ್ತದೆ. ಕಾಂಕ್ರೀಟಿನ ಸ್ವಭಾವವೂ ಇದೇ. ಒತ್ತಡವನ್ನು ಅದು ಎಷ್ಟು ತಡೆದುಕೊಳ್ಳುತ್ತದೆಯೋ ಅದರ ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ ಎಳೆತವನ್ನು ತಡೆಯಬಲ್ಲದು. ಬಗ್ಗಿಸುವುದಕ್ಕೂ ಎಳೆತಕ್ಕೂ ಏನು ಸಂಬಂಧ ಎಂದು ತೋರಿಸಲು ರಬ್ಬರ್ ಬೇಕು. ಉದ್ದನೆಯ ರಬ್ಬರಿನ ಪಕ್ಕದ ಮೇಲೆ ಪೆನ್ನಿನಿಂದ ಅಡ್ಡಗೆರೆಗಳನ್ನು ಒತ್ತೊತ್ತಾಗಿ ಎಳೆದು, ಎರಡು ಪೆನ್ಸಿಲುಗಳ ಮೇಲೆ ಸೇತುವೆಯಂತೆ ಇಟ್ಟು, ನಡುವೆ ಬೆರಳಿನಿಂದ ಅದುಮಿದರೆ ಮೇಲಂಚಿನ ಗೆರೆಗಳು ಹತ್ತಿರ ಬರುತ್ತವೆ, ಕೆಳಂಚಿನ ಗೆರೆಗಳು ದೂರ ಸರಿಯುತ್ತವೆ. ಮೇಲ್ಭಾಗ ಒತ್ತಿಕೊಳ್ಳುತ್ತಿದೆ, ಕೆಳಭಾಗ ಹಿಗ್ಗುತ್ತಿದೆ. ಬೀಮಿನಲ್ಲಿ ಕಬ್ಬಿಣದ ಸರಳು ಎಲ್ಲಿರಬೇಕು ಎಂದು ಕೇಳಿದರೆ, ಈ ಪ್ರಯೋಗ ನೋಡಿದ ಮಕ್ಕಳು ಕೆಳಗೆ ಎಂದು ಒಕ್ಕೊರಲಿನಿಂದ ಹೇಳುತ್ತಾರೆ.

ಒಂದು ತರಗತಿಯಲ್ಲಿ ಹೀಗೆ ಎಲ್ಲರೂ ಕೆಳಗೆ ಎಂದಾಗ, ಮೂರನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೈಯೆತ್ತಿ, ಬಾಲ್ಕನಿಯಲ್ಲಿಯೂ ಕೆಳಗೇನಾ ಮೇಡಂ ಎಂದು ಕೇಳಿದಳು. ಅವಳು ಅಷ್ಟು ಹೊತ್ತಿಗೆ ತನ್ನ ರಬ್ಬರಿನ ಒಂದು ತುದಿಯನ್ನು ಡೆಸ್ಕಿನ ಅಂಚಿನಲ್ಲಿ ಅದುಮಿ ಹಿಡಿದು, ಹೊರಚಾಚಿದ ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ನೋಡಿಬಿಟ್ಟಿದ್ದಳು. ಈ ಸಲ ಗೆರೆಗಳು ದೂರ ಸರಿದದ್ದು ಮೇಲಂಚಿನಲ್ಲಿ. ಬಾಲ್ಕನಿಯ ಮುಖ್ಯ ಸರಳುಗಳು ಸ್ಲ್ಯಾಬಿನ ಮೇಲ್ಭಾಗದಲ್ಲೇ ಇರಬೇಕು ಎಂಬುದು ಇದರ ಅರ್ಥ. ಕಾಂಕ್ರೀಟ್ ಸುರಿಯುವ ದಿನ ಕೆಲಸಗಾರರು ಓಡಾಡುವಾಗ ಆ ಸರಳುಗಳು ಕಾಲಡಿಗೆ ಸಿಕ್ಕಿ ಕೆಳಕ್ಕೆ ಕುಸಿದುಬಿಟ್ಟರೆ, ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇದ್ದರೂ ಬಾಲ್ಕನಿ ದುರ್ಬಲವಾಗುತ್ತದೆ. ನನ್ನ ವೃತ್ತಿಜೀವನದಲ್ಲಿ ಕಟ್ಟಡದ ಸೈಟುಗಳಲ್ಲಿ ನಿಂತು ಅತಿ ಹೆಚ್ಚು ಬಾರಿ ತಿದ್ದಿಸಿದ ತಪ್ಪು ಇದೇ. ಅದನ್ನು ಹತ್ತು ವರ್ಷದ ಹುಡುಗಿ ರಬ್ಬರಿನ ತುಂಡು ಹಿಡಿದು ಯಾರ ನೆರವೂ ಇಲ್ಲದೆ ಕಂಡುಕೊಂಡಳು. ಆ ದಿನದಿಂದ, ಇದು ಮಕ್ಕಳಿಗೆ ಅರ್ಥವಾಗುವ ವಿಷಯವಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಬ್ಬಿಣವನ್ನೇ ಏಕೆ ಹಾಕಬೇಕು ಎಂದು ಯಾರಾದರೂ ಮುಂದುವರಿದು ಕೇಳಿದರೆ ಅದಕ್ಕೂ ಚೆಂದದ ಉತ್ತರವಿದೆ. ಬಿಸಿಲಿಗೆ ಉಕ್ಕೂ ಕಾಂಕ್ರೀಟೂ ಹಿಗ್ಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಒಂದು ಹೆಚ್ಚಾಗಿ, ಇನ್ನೊಂದು ಕಡಿಮೆಯಾಗಿ ಹಿಗ್ಗುತ್ತಿದ್ದರೆ ಕೆಲವೇ ಬೇಸಿಗೆಗಳಲ್ಲಿ ಅವು ಒಂದನ್ನೊಂದು ಬಿಟ್ಟು ಬೇರೆಯಾಗುತ್ತಿದ್ದವು. ಪ್ರಕೃತಿಯಲ್ಲಿ ಆಕಸ್ಮಿಕವಾಗಿ ಒದಗಿಬಂದ ಈ ಹೊಂದಾಣಿಕೆಯ ಮೇಲೆ ಇಂದಿನ ಬಹುಪಾಲು ನಗರಗಳು ನಿಂತಿವೆ.

ಹಳೆಯ ಕಾಲದಲ್ಲಿ ಏಕೆ ಇಷ್ಟು ಎತ್ತರದ ಕಟ್ಟಡಗಳು ಇರಲಿಲ್ಲ ಎಂಬ ಪ್ರಶ್ನೆಗೆ ಇತಿಹಾಸದಿಂದ ಎರಡು ಕಟ್ಟಡಗಳನ್ನು ತೋರಿಸಿದರೆ ಸಾಕು. ಎರಡೂ ಅಮೆರಿಕದ ಶಿಕಾಗೊ ನಗರದವು. ಮೊನಾಡ್‌ನಾಕ್ ಎಂಬ 16 ಮಹಡಿಯ ಕಟ್ಟಡ 1891ರಲ್ಲಿ ಇಟ್ಟಿಗೆಯ ಗೋಡೆಗಳ ಮೇಲೆ ಎದ್ದಿತು. ಗೋಡೆಯೇ ಭಾರ ಹೊರಬೇಕಾದ್ದರಿಂದ ಬುಡದಲ್ಲಿ ಅದರ ದಪ್ಪ ಸುಮಾರು 1.8 ಮೀಟರ್, ಒಬ್ಬ ದೊಡ್ಡವರು ಅಡ್ಡ ಮಲಗುವಷ್ಟು. ಇನ್ನಷ್ಟು ಮಹಡಿ ಏರಿಸಿದ್ದರೆ ನೆಲಮಹಡಿಯಲ್ಲಿ ಗೋಡೆಯೇ ಜಾಗವನ್ನೆಲ್ಲ ನುಂಗಿಬಿಡುತ್ತಿತ್ತು. ಅದಕ್ಕೂ ಮೊದಲೇ, 1885ರಲ್ಲಿ, ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಎಂಜಿನಿಯರ್ ಅದೇ ನಗರದಲ್ಲಿ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಬೇರೆ ರೀತಿಯಲ್ಲಿ ಕಟ್ಟಿದ್ದರು. ಅದರ ಹತ್ತು ಮಹಡಿಗಳ ಭಾರದ ಹೆಚ್ಚಿನ ಪಾಲನ್ನು ಕಬ್ಬಿಣ ಮತ್ತು ಉಕ್ಕಿನ ಕಂಬ, ತೊಲೆಗಳ ಚೌಕಟ್ಟು ಹೊತ್ತಿತ್ತು. ಅಲ್ಲಿಂದ ಮುಂದೆ ಗೋಡೆಗೆ ಹೊರೆಯಿಂದ ಬಿಡುಗಡೆ ಸಿಕ್ಕಿತು. ಗಾಳಿ, ಮಳೆ, ಬಿಸಿಲು ತಡೆಯುವುದಷ್ಟೇ ಅದರ ಕೆಲಸವಾಯಿತು. ಇಂದು ಕಟ್ಟಡದ ಮುಖಕ್ಕೆ ಪೂರ್ತಿ ಗಾಜು ಹಾಕಲು ಸಾಧ್ಯವಾಗಿರುವುದು ಇದರಿಂದಲೇ. ನಮ್ಮ ದೇಹಕ್ಕೆ ಎಲುಬು ಹೇಗೋ ಕಟ್ಟಡಕ್ಕೆ ಕಂಬ ಮತ್ತು ಬೀಮು ಹಾಗೆ, ಗೋಡೆ ಚರ್ಮದ ಹಾಗೆ ಎಂದು ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಆದರೆ ಎಲುಬಿನ ಗೂಡು ಸಿಕ್ಕಿದ ಮಾತ್ರಕ್ಕೆ ಜನ ಹತ್ತನೆಯ ಮಹಡಿಯಲ್ಲಿ ವಾಸಕ್ಕೆ ಬರುತ್ತಿರಲಿಲ್ಲ, ಲಿಫ್ಟ್ ಬೇಕಾಗಿತ್ತು. ಭಾರ ಎತ್ತುವ ತೊಟ್ಟಿಲುಗಳು ಮೊದಲೂ ಇದ್ದವು, ಆದರೆ ಹಗ್ಗ ಹರಿದರೆ ಗತಿ ಏನು ಎಂಬ ಭಯವಿತ್ತು. ಎಲಿಷಾ ಓಟಿಸ್ ಎಂಬುವರು 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಜನರ ಎದುರು ತಾವೇ ಎತ್ತರದ ವೇದಿಕೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದರು. ವೇದಿಕೆ ಸ್ವಲ್ಪವೇ ಜಾರಿ, ಬ್ರೇಕು ಕಚ್ಚಿಕೊಂಡು ನಿಂತಿತು. ಇಂದಿನ ಲಿಫ್ಟುಗಳನ್ನು ಒಂದಲ್ಲ, ಹಲವು ಉಕ್ಕಿನ ಹಗ್ಗಗಳು ಹಿಡಿದಿರುತ್ತವೆ. ಹಗ್ಗದ ಇನ್ನೊಂದು ತುದಿಯಲ್ಲಿ ಸಮತೂಕದ ಕಲ್ಲಿನಂತೆ ಒಂದು ಭಾರ ತೂಗುತ್ತಿರುತ್ತದೆ, ಲಿಫ್ಟ್ ಮೇಲೆ ಹೋದಾಗ ಅದು ಕೆಳಗೆ ಇಳಿಯುತ್ತದೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ ಇರುವುದರಿಂದ ಮೋಟಾರು ಎಲ್ಲ ತೂಕವನ್ನೂ ಎತ್ತಬೇಕಾಗಿಲ್ಲ, ವ್ಯತ್ಯಾಸವನ್ನಷ್ಟೇ ಎತ್ತಿದರೆ ಸಾಕು.

ಪಾಯದ ಬಗ್ಗೆ ಇರುವ ತಪ್ಪು ಕಲ್ಪನೆಯಿಂದಲೇ ಈ ಪತ್ರ ಹುಟ್ಟಿದ್ದರಿಂದ ಅಲ್ಲಿ ಕೊಂಚ ನಿಲ್ಲಬೇಕು. ಕಾಂಕ್ರೀಟ್ ಕಟ್ಟಡದಲ್ಲಿ ಗೋಡೆ, ನೆಲ, ಜನ, ಸಾಮಾನು ಎಲ್ಲ ಸೇರಿ ಒಂದು ಮಹಡಿಯ ಒಂದು ಚದರ ಮೀಟರಿಗೆ ಸುಮಾರು ಒಂದು ಟನ್ ತೂಕ ಬರುತ್ತದೆ ಎಂದು ನಾವು ಮೊದಲ ಅಂದಾಜು ಹಾಕುತ್ತೇವೆ. ಹಾಗಾದರೆ ಇಪ್ಪತ್ತು ಮಹಡಿಯ ಕಟ್ಟಡದ ಬುಡದಲ್ಲಿ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 20 ಟನ್. ನಾಲ್ಕೈದು ಆನೆಗಳು ಒಂದರ ಮೇಲೊಂದು ನಿಂತಷ್ಟು. ಇದನ್ನು ಕೇಳಿದ ಮಕ್ಕಳು ಗಾಬರಿಯಾಗುತ್ತಾರೆ. ಆಗ ನಾನು, ಕಟ್ಟುವುದಕ್ಕೆ ಮೊದಲು ಅಲ್ಲಿ ಏನಿತ್ತು ಎಂದು ಕೇಳುತ್ತೇನೆ. ಅಲ್ಲಿ ಮಣ್ಣಿತ್ತು, ಮಣ್ಣಿಗೂ ತೂಕವಿದೆ. ವಾಹನ ನಿಲ್ಲಿಸಲೆಂದು ಎರಡು ಹಂತದ ನೆಲಮಾಳಿಗೆ ಮಾಡಲು 6 ಮೀಟರ್ ಆಳಕ್ಕೆ ಅಗೆದರೆ, ಒಂದು ಘನ ಮೀಟರ್ ಮಣ್ಣಿಗೆ 1.8 ಟನ್ನಿನ ಲೆಕ್ಕದಲ್ಲಿ ಪ್ರತಿ ಚದರ ಮೀಟರಿನಿಂದ ಸುಮಾರು 11 ಟನ್ ಮಣ್ಣು ಲಾರಿ ಹತ್ತಿ ಹೋಗಿರುತ್ತದೆ. ಅಂದರೆ ಆ ಆಳದ ನೆಲ ಸಾವಿರಾರು ವರ್ಷಗಳಿಂದ ಹೊತ್ತುಕೊಂಡೇ ಬಂದಿದ್ದ ಹೊರೆಯನ್ನು ಇಳಿಸಿ, ಅದರ ಜಾಗದಲ್ಲಿ ಕಟ್ಟಡದ ಅರ್ಧಕ್ಕೂ ಹೆಚ್ಚು ಪಾಲನ್ನು ಇಟ್ಟಂತಾಯಿತು. ನೆಲಕ್ಕೆ ನಿಜವಾಗಿ ಹೊಸದಾಗಿ ಬೀಳುವ ಹೊರೆ ಉಳಿದ 9 ಟನ್ ಮಾತ್ರ. ಈ ಲೆಕ್ಕ ಮೊದಲ ಬಾರಿಗೆ ತಿಳಿದಾಗ ನನಗೆ ಆದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ನೆಲ ಗಟ್ಟಿಯಾಗಿದ್ದರೆ ಕಟ್ಟಡದ ಅಡಿಗೆ ಇಡಿಯಾಗಿ ದಪ್ಪನೆಯ ಕಾಂಕ್ರೀಟ್ ಹಾಸು ಹಾಕುತ್ತಾರೆ, ಇದಕ್ಕೆ ರಾಫ್ಟ್ ಎನ್ನುತ್ತಾರೆ. ಕೆಸರಿನಲ್ಲಿ ಕಾಲಿಟ್ಟರೆ ಹೂತುಹೋಗುವವರು ಅಗಲವಾದ ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲವಲ್ಲ, ಅದೇ ನಿಯಮ. ಮೇಲಿನ ಮಣ್ಣು ಮೆತ್ತಗಿದ್ದರೆ ಆಳದ ಗಟ್ಟಿ ಪದರ ಸಿಗುವವರೆಗೆ ರಂಧ್ರ ಕೊರೆದು ಪೈಲುಗಳನ್ನು ಇಳಿಸುತ್ತಾರೆ. ಬಂಡೆಯ ಆಸರೆ ಸಿಕ್ಕದಿದ್ದರೂ ಪೈಲಿನ ಮೈಯನ್ನು ಸುತ್ತಲಿನ ಮಣ್ಣು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಪಾಯದ ಆಳ ತೀರ್ಮಾನವಾಗುವುದು ಎತ್ತರವೊಂದನ್ನೇ ನೋಡಿ ಅಲ್ಲ, ಅಡಿಯಲ್ಲಿರುವ ಮಣ್ಣನ್ನು ನೋಡಿ. ಅಕ್ಕಪಕ್ಕದ ಎರಡು ನಿವೇಶನಗಳಲ್ಲೂ ಅದು ಬೇರೆಬೇರೆಯಾಗಬಹುದು. ಕಟ್ಟಡಕ್ಕೆ ಮೊದಲು ಮಣ್ಣು ಪರೀಕ್ಷೆಯ ಯಂತ್ರ ಬಂದು ನಿವೇಶನದಲ್ಲಿ ತೂತು ಕೊರೆಯುವುದು ಇದಕ್ಕೇ.

ಭಾರದ ವಿಷಯ ಇಷ್ಟಾದರೆ, ಎತ್ತರ ಹೆಚ್ಚಿದಂತೆ ಗಾಳಿಯ ಸಮಸ್ಯೆ ಅದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ನೆಲದ ಹತ್ತಿರ ಮರ, ಮನೆಗಳು ಗಾಳಿಯ ವೇಗವನ್ನು ಮುರಿಯುತ್ತವೆ. ಮೇಲೆ ಹೋದಂತೆ ಅಡ್ಡಿ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 40 ಮೀಟರ್ ವೇಗದ ಬಿರುಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 100 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. 60 ಮೀಟರ್ ಎತ್ತರ, 20 ಮೀಟರ್ ಅಗಲದ ಕಟ್ಟಡದ ಮುಖಕ್ಕೆ ಅದನ್ನು ಲೆಕ್ಕ ಹಾಕಿದರೆ ನೂರು ಟನ್ನಿಗೂ ಮೀರಿದ ಅಡ್ಡಬಲ. ಆನೆಗಳು ಈಗ ಮೇಲಿನಿಂದ ಕೂತಿಲ್ಲ, ಪಕ್ಕದಿಂದ ನೂಕುತ್ತಿವೆ.

ಇದಕ್ಕೆ ಉತ್ತರ ಕಾಗದದಲ್ಲಿದೆ. ಒಂದು ಹಾಳೆಯನ್ನು ಮೇಜಿನ ಮೇಲೆ ನಿಲ್ಲಿಸಲು ಹೋದರೆ ಅದು ತನ್ನ ಭಾರಕ್ಕೇ ಮಡಚಿ ಬೀಳುತ್ತದೆ. ಅದೇ ಹಾಳೆಯನ್ನು ಸುರುಳಿ ಸುತ್ತಿ ಅಂಚಿಗೆ ಅಂಟು ಹಚ್ಚಿ ಕೊಳವೆ ಮಾಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, ಮೇಲೆ ನಾಲ್ಕಾರು ನೋಟುಪುಸ್ತಕ ಇಟ್ಟರೂ ಬಾಗುವುದಿಲ್ಲ, ಪಕ್ಕದಿಂದ ಊದಿದರೂ ಹೆದರುವುದಿಲ್ಲ. ಕಾಗದ ಅಷ್ಟೇ, ಆಕಾರ ಮಾತ್ರ ಬೇರೆ. ಢಾಕಾದಲ್ಲಿ 1929ರಲ್ಲಿ ಹುಟ್ಟಿ ಶಿಕಾಗೊದಲ್ಲಿ ಕೆಲಸ ಮಾಡಿದ ಫಜ್ಲುರ್ ಖಾನ್ ಇಡೀ ಕಟ್ಟಡವನ್ನೇ ಇಂಥ ಕೊಳವೆಯಂತೆ ಯೋಚಿಸಿದರು. ಹೊರಮೈಯ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ಬೀಮುಗಳಿಂದ ಬಿಗಿದರೆ ನಾಲ್ಕೂ ಮುಖಗಳು ಸೇರಿ ಒಂದು ಟೊಳ್ಳು ಕೊಳವೆಯಾಗುತ್ತದೆ. ಅಂಥ ಒಂಬತ್ತು ಚೌಕ ಕೊಳವೆಗಳನ್ನು ಕಟ್ಟುಕಟ್ಟಿದಂತೆ ಜೋಡಿಸಿ 442 ಮೀಟರ್ ಎತ್ತರದ ಸಿಯರ್ಸ್ ಟವರ್ ಎದ್ದಿತು. ನಮ್ಮ ಸುತ್ತಲಿನ ಹದಿನೈದು ಇಪ್ಪತ್ತು ಮಹಡಿಯ ಕಟ್ಟಡಗಳಲ್ಲಿಯೂ ಈ ಕೊಳವೆಯ ಸಣ್ಣ ರೂಪ ಅಡಗಿರುತ್ತದೆ. ಲಿಫ್ಟ್ ಮತ್ತು ಮೆಟ್ಟಿಲುಗಳ ಸುತ್ತ ಬುಡದಿಂದ ನೆತ್ತಿಯವರೆಗೆ ಎದ್ದ ದಪ್ಪ ಕಾಂಕ್ರೀಟ್ ಗೋಡೆಗಳೇ ಅದು. ಸೈಟಿನಲ್ಲಿ ಇವನ್ನು ಶಿಯರ್ ವಾಲ್ ಎನ್ನುತ್ತಾರೆ. ಕಟ್ಟುತ್ತಿರುವ ಕಟ್ಟಡದಲ್ಲಿ ಉಳಿದೆಲ್ಲ ಭಾಗಕ್ಕಿಂತ ಈ ಗೋಡೆಗಳು ಒಂದೆರಡು ಮಹಡಿ ಮುಂದಾಗಿ ಮೇಲೇರಿರುವುದನ್ನು ಹಲವು ಕಡೆ ಮಕ್ಕಳಿಗೆ ತೋರಿಸಬಹುದು.

ಅಲ್ಲಾಡುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಸುಳ್ಳು ಹೇಳಬಾರದು. ಎಲ್ಲ ಎತ್ತರದ ಕಟ್ಟಡಗಳೂ ಅಲ್ಲಾಡುತ್ತವೆ. ಗಾಳಿಗೆ ನೆತ್ತಿ ಎಷ್ಟು ಸರಿಯಬಹುದು ಎಂಬುದಕ್ಕೆ ವಿನ್ಯಾಸಕಾರರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಎತ್ತರದ ಐನೂರನೆಯ ಒಂದು ಭಾಗ. 60 ಮೀಟರ್ ಕಟ್ಟಡಕ್ಕೆ ಅದು 12 ಸೆಂಟಿಮೀಟರ್, ಒಂದು ಪೆನ್ಸಿಲಿಗಿಂತ ಕಡಿಮೆ. ಅದೂ ಅಪರೂಪದ ಬಿರುಗಾಳಿಯಲ್ಲಿ. ತೈಪೆ 101 ಎಂಬ 508 ಮೀಟರ್ ಎತ್ತರದ ಕಟ್ಟಡದ ಮೇಲ್ಭಾಗದಲ್ಲಿ 660 ಟನ್ ತೂಕದ ಉಕ್ಕಿನ ಗುಂಡೊಂದನ್ನು ಹಗ್ಗಗಳಿಂದ ತೂಗುಬಿಟ್ಟಿದ್ದಾರೆ. ಕಟ್ಟಡ ಒಂದು ಕಡೆಗೆ ವಾಲಿದರೆ ಗುಂಡು ಹಿಂದುಳಿದು ಅದನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ಉಯ್ಯಾಲೆ ಜೀಕುವಾಗ ತಪ್ಪು ಹೊತ್ತಿನಲ್ಲಿ ತಳ್ಳಿದರೆ ಅದು ನಿಧಾನವಾಗುವುದನ್ನು ಬಲ್ಲ ಮಕ್ಕಳಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಸ್ವಲ್ಪ ಅಲ್ಲಾಡುವುದು ದೋಷವಲ್ಲ, ಬಾಗದೆ ಬಿಗಿದುಕೊಂಡು ನಿಂತದ್ದಕ್ಕೇ ಮುರಿಯುವ ಅಪಾಯ ಹೆಚ್ಚು ಎಂಬುದು ಭೂಕಂಪದ ವಿಷಯದಲ್ಲಿ ಇನ್ನೂ ನಿಜ. ಕಂಬದ ಉದ್ದ ಸರಳುಗಳ ಸುತ್ತ ಬಾರ್ ಬೆಂಡಿಂಗ್ ಕೆಲಸಗಾರರು ಕಟ್ಟುವ ಚೌಕ ರಿಂಗುಗಳನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕು. ರಿಂಗಿನ ತುದಿಗಳನ್ನು ಹೊರಗೆ ಬಿಡದೆ ಒಳಕ್ಕೆ, ಕಾಂಕ್ರೀಟಿನ ಎದೆಯೊಳಗೆ ಬಗ್ಗಿಸಿರುತ್ತಾರೆ. ಭೂಮಿ ನಡುಗಿ ಕಂಬದ ಹೊರಸಿಪ್ಪೆ ಕಿತ್ತುಬಂದರೂ, ಪೀಪಾಯಿಗೆ ಹಾಕಿದ ಪಟ್ಟಿಯಂತೆ ಆ ರಿಂಗುಗಳು ಒಳಗಿನ ಕಾಂಕ್ರೀಟನ್ನು ಚೆದುರದಂತೆ ಹಿಡಿದಿರುತ್ತವೆ. ಕೈಬೆರಳಿನಷ್ಟು ದಪ್ಪವೂ ಇಲ್ಲದ ಆ ಸರಳಿನ ಕೊಕ್ಕೆಯನ್ನು ಸರಿಯಾಗಿ ಬಗ್ಗಿಸುವ ಕೆಲಸಗಾರನಿಗೆ ಇಡೀ ಕಟ್ಟಡದ ನಿವಾಸಿಗಳು ಋಣಿಗಳು.

ನೀರು ಮತ್ತು ಬೆಂಕಿಯ ಬಗ್ಗೆ ಎರಡೇ ಮಾತು. ಕೆಳಗಿನ ತೊಟ್ಟಿಯಿಂದ ಪಂಪು ನೀರನ್ನು ನೆತ್ತಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಅದು ತಾನಾಗಿ ಇಳಿದು ಮನೆಮನೆಗೆ ಬರುತ್ತದೆ. ಪ್ರತಿ 10 ಮೀಟರ್ ಇಳಿದಾಗಲೂ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡ ಕೂಡಿಕೊಳ್ಳುವುದರಿಂದ, ತಡೆಯದೆ ಬಿಟ್ಟರೆ ಕೆಳಗಿನ ಮನೆಗಳ ನಲ್ಲಿಗಳು ತಾಳಲಾರವು. ನಡುವೆ ಒತ್ತಡ ತಗ್ಗಿಸುವ ವಾಲ್ವುಗಳನ್ನು ಹಾಕುತ್ತಾರೆ. ಬೆಂಕಿಯ ವಿಷಯವನ್ನಂತೂ ಎಷ್ಟು ಚಿಕ್ಕ ಮಗುವಿಗಾದರೂ ಹೇಳಲೇಬೇಕು. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು, ಏಕೆಂದರೆ ಲಿಫ್ಟಿನ ಬಾವಿ ಹೊಗೆಗೊಳವೆಯಂತೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ, ವಿದ್ಯುತ್ ಕೂಡ ನಿಂತುಹೋಗಬಹುದು. ಅನೇಕ ಅಗ್ನಿಶಾಮಕ ವಾಹನಗಳ ಏಣಿ ತಲುಪುವುದು ಸುಮಾರು 30 ಮೀಟರಿನವರೆಗೆ ಮಾತ್ರವಾದ್ದರಿಂದ, ಅದಕ್ಕಿಂತ ಮೇಲೆ ಇರುವವರಿಗೆ ಮೆಟ್ಟಿಲೇ ದಾರಿ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಆ ಮೆಟ್ಟಿಲನ್ನು ಹೊಗೆಯಿಂದ ಕಾಯುತ್ತವೆ. ಆ ಬಾಗಿಲಿಗೆ ಕಲ್ಲು ಅಡ್ಡ ಇಟ್ಟು ತೆರೆದಿಡುವುದನ್ನೂ, ಮೆಟ್ಟಿಲ ಮೇಲೆ ಹಳೆಯ ಸಾಮಾನು ಪೇರಿಸುವುದನ್ನೂ ನಾನು ಎಷ್ಟೋ ಕಡೆ ಕಂಡಿದ್ದೇನೆ. ಕಾರಣ ತಿಳಿದ ಮಗು ಮನೆಯ ದೊಡ್ಡವರಿಗೆ ಅದನ್ನು ಹೇಳುತ್ತದೆ.

ಇಷ್ಟನ್ನೂ ಒಂದೇ ವಾರದ ಪುಟದಲ್ಲಿ ತುಂಬಿರಿ ಎಂದು ನಾನು ಕೇಳುತ್ತಿಲ್ಲ. ವಾರಕ್ಕೊಂದು ಪ್ರಶ್ನೆ, ಅದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ, ಜೊತೆಗೆ ಓದುಗ ಮಗು ತನ್ನ ಊರಿನ ಆಕಾಶದಂಚಿನಲ್ಲಿ ಹೋಗಿ ಗುರುತಿಸಬೇಕಾದ ಒಂದು ಸಂಗತಿ, ಇಷ್ಟಿದ್ದರೆ ಸಾಕು. ಕಟ್ಟುತ್ತಿರುವ ಕಟ್ಟಡವೊಂದನ್ನು ಆರಿಸಿಕೊಂಡು ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ನಿಂತು ಅದರ ಚಿತ್ರ ಬರೆಯುವಂತೆ ಮಕ್ಕಳಿಗೆ ಹೇಳಿ. ಕಾಂಕ್ರೀಟ್ ಹಾಕಿದ ಮೇಲೆ ಸೆಂಟ್ರಿಂಗಿನ ಆಸರೆಗಳು ಏಕೆ ಅಷ್ಟು ದಿನ ಹಾಗೆಯೇ ನಿಂತಿರುತ್ತವೆ, ಅದಕ್ಕೆ ದಿನವೂ ನೀರು ಏಕೆ ಉಣಿಸುತ್ತಾರೆ, ಮಾದರಿ ಘನಗಳನ್ನು 28 ದಿನ ಕಾದು ಏಕೆ ಒಡೆದು ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆಗಳು ಆ ಚಿತ್ರಗಳಿಂದ ತಾವಾಗಿ ಹುಟ್ಟುತ್ತವೆ. ಸೈಟಿನ ಬೇಲಿಯೊಳಗೆ ಮಾತ್ರ ಮಕ್ಕಳು ಹೋಗದಂತೆ ಪ್ರತಿ ಬಾರಿಯೂ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಅಚ್ಚುಮಾಡಿ.

ಬರೆದುಕೊಡುವುದಕ್ಕೆ ನಾನು ಸಿದ್ಧಳಿದ್ದೇನೆ, ಸಂಭಾವನೆ ಬೇಡ. ಮಾಲೆಯನ್ನು ಆರಂಭಿಸುವುದಾದರೆ ಮೊದಲ ವಾರಕ್ಕೆ ರಬ್ಬರಿನ ಪ್ರಯೋಗವನ್ನೇ ಇಡಬಹುದು ಎಂದುಕೊಂಡು ಅದರ ಮೂರು ರೇಖಾಚಿತ್ರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಮೊದಲ ಎರಡು ನಾನು ಬರೆದವು. ಮೂರನೆಯದು, ಡೆಸ್ಕಿನ ಅಂಚಿನಿಂದ ಹೊರಚಾಚಿದ ರಬ್ಬರಿನದು, ಅಂದು ಆ ಹುಡುಗಿ ನನ್ನ ನೋಟುಪುಸ್ತಕದಲ್ಲಿ ಬರೆದುಕೊಟ್ಟ ಚಿತ್ರದ ಪ್ರತಿ. ಸರಳು ಎಲ್ಲಿರಬೇಕು ಎಂದು ಅವಳು ಕೆಂಪು ಪೆನ್ನಿನಿಂದ ಗುರುತು ಮಾಡಿದ್ದಾಳೆ, ದಯವಿಟ್ಟು ಆ ಕೆಂಪು ಗೆರೆ ಅಚ್ಚಿನಲ್ಲಿ ಮಾಸದಂತೆ ನೋಡಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಚನಾ ಎಂಜಿನಿಯರ್